ಕಿವಿಯಿಂದ ನೋಡುವ ದೊಡ್ಡಪ್ಪ

ಮಣ್ಣಿನ ಕುಡಿಕೆಯ ಕೊರಳಿಗೆ ಕಟ್ಟಿದ್ದ ಚೀಟಿಯಲ್ಲಿ ‘ಮುಟ್ಟಬಾರದು’ ಎಂದಿತ್ತು. ಕುಡಿಕೆ ಮಾತ್ರ ನಮ್ಮ ದೊಡ್ಡಪ್ಪನ ಕಿವಿಯ ಪಕ್ಕದಲ್ಲಿತ್ತು!

ಲೋಕದ ಜನ ವಸ್ತುಸಂಗ್ರಹಾಲಯವನ್ನು ಕಣ್ಣಿನಿಂದ ನೋಡುತ್ತಾರೆ. ದೊಡ್ಡಪ್ಪ ಕಿವಿಯಿಂದ ನೋಡುತ್ತಿದ್ದರು. ತಪ್ಪು ಅವರದಲ್ಲ, ತಿಪಟೂರಿನದು. ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಗುಡುಗುಡು ಅಂದರೆ ಕೊಬ್ಬರಿ ಆಯಿತೆಂದು ತಿಳಿಯುವುದು ನಮ್ಮ ಕಡೆಯ ಪದ್ಧತಿ. ದೊಡ್ಡಪ್ಪ ಅದನ್ನು ಕಾಯಿಗೆ ಮಾತ್ರ ಎಂದುಕೊಂಡಿರಲಿಲ್ಲ, ಅಷ್ಟೆ. ಅಕ್ಕನನ್ನು ನೋಡಲು ಬಂದ ಗಂಡಿನ ಸೂಟ್‌ಕೇಸನ್ನೂ ಅಲ್ಲಾಡಿಸಿ, “ಬರೀ ಒಂದು ಬಾಚಣಿಗೆ ಕಣಮ್ಮ!” ಎಂದಿದ್ದರು. ಸಂಬಂಧ ಅಲ್ಲಿಗೇ ನಿಂತಿತು.

ಮೈಸೂರಿನಲ್ಲಿ ಇತಿಹಾಸ ಓದುತ್ತಿದ್ದ ನಾನು ರಜೆಗೆ ಬಂದಾಗಲೆಲ್ಲ ಅವರೊಡನೆ ಚಿಕ್ಕನಾಯಕನಹಳ್ಳಿಯ ಆ ಒಂದೇ ಕೋಣೆಯ ಸಂಗ್ರಹಾಲಯಕ್ಕೆ ಹೋಗುತ್ತಿದ್ದೆ. ಕುಡಿಕೆಯಲ್ಲಿ ಯಾರದೋ ಹೊಲದಲ್ಲಿ ಸಿಕ್ಕ ಹಳೆಯ ಮಣಿಗಳಿದ್ದವು.

“ಯಜಮಾನ್ರೇ, ಮುಟ್ಟಬಾರ್ದು ಅಂತ ಬರೆದೈತಲ್ಲ!” ಎಂದ ಕಾವಲುಗಾರ.

“ಅಲ್ಲಾಡಿಸಬಾರ್ದು ಅಂತ ಎಲ್ಲೈತೆ?”

ಮುಂದಿನ ರಜೆಗೆ ಹೋದಾಗ ಚೀಟಿಯಲ್ಲಿ ಅದೂ ಸೇರಿತ್ತು! ಆದರೂ ದೊಡ್ಡಪ್ಪ ಕುಡಿಕೆ ಎತ್ತಿದರು, ಅಲ್ಲಾಡಿಸಿದರು, ಮತ್ತೊಂದು ಕಿವಿಗೂ ಹಿಡಿದರು.

“ಮಣಿ ಯಾರೋ ತೆಗೆದವ್ರೆ.”

ಕಾವಲುಗಾರ ಗಾಬರಿಯಿಂದ ಕಿತ್ತುಕೊಂಡು ತಾನೇ ಅಲ್ಲಾಡಿಸಿದ. “ಗಲಗಲ ಅಂತಾವೆ ಕಣ್ರೀ!”

ನನಗೂ ಕೇಳಿಸಿತು. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಊರಿಗೆ ಬಸ್ಸು ಹತ್ತಿದೆವು. ಕಿಬ್ಬನಹಳ್ಳಿ ಬಂದಾಗ, “ಕಿವಿ ಹೋಯ್ತು ಕಣಮ್ಮ” ಎಂದರು. ಅಟ್ಟದ ಕಾಯಿ ಇನ್ನೂ ಆಗಿಲ್ಲವೆಂದು ಅಷ್ಟು ದಿನ ವ್ಯಾಪಾರಿಗಳನ್ನು ವಾಪಸು ಕಳಿಸುತ್ತಿದ್ದುದು ಏಕೆಂದು ಆಗ ತಿಳಿಯಿತು. ಸಮಾಧಾನ ಹೇಳೋಣವೆಂದರೆ, ಕೇಳಿಸಬೇಕಲ್ಲ!

ತಿಪಟೂರಿನಲ್ಲಿ ಇಳಿದವಳೇ ನೇರ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಎರಡೂ ಕಿವಿಗೆ ಪಿಚಕಾರಿಯಿಂದ ಬೆಚ್ಚನೆಯ ನೀರು ಬಿಟ್ಟು, ಬಟ್ಟಲನ್ನು ನಮ್ಮ ಮುಂದೆ ಹಿಡಿದರು. “ಬರೀ ಗುಗ್ಗೆ ಕಣ್ರೀ! ಇದಕ್ಕೇ ಒಂದು ಮ್ಯೂಸಿಯಂ ಮಾಡಬಹುದು.”

“ಕೂಗ್ಬೇಡಿ ಸ್ವಾಮಿ, ಕಿವುಡನಾ ನಾನು?” ಎಂದರು ದೊಡ್ಡಪ್ಪ. ಅಬ್ಬಾ! ಗೋಡೆಗೆ ಒರಗಿ ನಕ್ಕುಬಿಟ್ಟೆ.

ಹೊರಗೆ ಬಂದ ಮೇಲೆ, “ಇನ್ನು ಕಾಯಿಗೇನೂ ತೊಂದರೆಯಿಲ್ಲ, ದೊಡ್ಡಪ್ಪ” ಎಂದೆ.

“ಕಾಯಿ ಮನೆ ಹಾಳಾಗ್ಲಿ ಬುಡವ್ವ. ಮನೇಲಿ ಎಲ್ರೂ ಕಿರುಚ್ತಾರೆ, ಎಂಗೋ ಕೇಳಿಸ್ತದೆ. ನೀನು ಕಿರುಚೋಳಲ್ಲ. ನಿನ್ನ ಮಾತು ಇನ್ನ ನಂಗೆ ಸಿಗಾಕಿಲ್ಲ ಅಂತ ದಿಗಿಲಾಗಿತ್ತು.”

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವರ ಪಕ್ಕ ಜಗುಲಿಯಲ್ಲಿ ಕುಳಿತೆ. ಹಾಸ್ಟೆಲಿನ ಬಗ್ಗೆ ಯಾರಿಗೂ ಹೇಳದ ಮಾತುಗಳನ್ನೆಲ್ಲ, ನನ್ನ ಸಣ್ಣ ದನಿಯಲ್ಲೇ, ಸ್ನಾನಕ್ಕೆ ಹೊತ್ತಾಯಿತೆಂದು ದೊಡ್ಡಮ್ಮ ಕಿರುಚುವವರೆಗೂ ಹೇಳಿದೆ.