ಕರೆಂಟೂ ಇದೆ, ಪೆಟ್ರೋಲೂ ಇದೆ, ಗಿರಾಕಿ ಇಲ್ಲ

ಕಾರು ಮಾರುವವನನ್ನು ನಗೆ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಬಾರದವನು ಗಿರಾಕಿ ಒಬ್ಬನೇ. ನನಗೆ ಮಾರಲು ಕೊಟ್ಟದ್ದು ಸಾಧಾರಣ ಕಾರಲ್ಲ. ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಿದರೆ ಕರೆಂಟಿನಲ್ಲಿ ಓಡುತ್ತದೆ, ಅದು ಮುಗಿದರೆ ತಾನಾಗಿಯೇ ಪೆಟ್ರೋಲಿಗೆ ಬದಲಾಗುತ್ತದೆ. ಸೀಟೇ ಬೆನ್ನಿಗೆ ಮಸಾಜ್ ಮಾಡುತ್ತದೆ. ಮೊದಲ ದಿನ ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತಿದ್ದೆ, ಸುಳ್ಳಲ್ಲ.

ಆದರೆ ತುಮಕೂರಿನ ನಮ್ಮ ಶೋರೂಮಿನಿಂದ ಅಂಥದ್ದು ಒಂದೂ ಹೋಗಿರಲಿಲ್ಲ. ಮ್ಯಾನೇಜರ್ ಕರೆದು, "ನೀವು ಮಧುಗಿರಿ ಕಡೆಯವರಲ್ವಾ? ಡೆಮೊ ಕಾರು ತಗೊಂಡು ಆ ಕಡೆ ತಾಲ್ಲೂಕುಗಳನ್ನ ಸುತ್ತಿ. ಯುಗಾದಿಯೊಳಗೆ ಒಂದೇ ಒಂದು ಬುಕಿಂಗ್ ತನ್ನಿ. ಇಲ್ಲಾಂದ್ರೆ ಕಾರು ಬೆಂಗಳೂರಿಗೆ, ನೀವು ಹಳೇ ಗಾಡಿ ಸೆಕ್ಷನ್ನಿಗೆ," ಎಂದರು. ಹಳೇ ಗಾಡಿ ಸೆಕ್ಷನ್ ಅಂದರೆ ಶೋರೂಮಿನ ಹಿಂದೆ ಬೇವಿನ ಮರದ ಕೆಳಗೆ ಹಾಕಿದ ಒಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಗೆ ಹೋದವರು ಯಾರೂ ಒಳಗೆ ವಾಪಸ್ ಬಂದದ್ದನ್ನು ನಾನು ನೋಡಿಲ್ಲ.

ದೇವರಿಗೂ ಕೇಳಿಸಬೇಕಲ್ಲ

ಮಧುಗಿರಿಯ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು ಕಾರನ್ನು ಸುತ್ತಿ ಸುತ್ತಿ ನೋಡಿದರು. ಬಾಗಿಲು ತೆಗೆದು ಕೂರಿ ಎಂದರೆ ಒಪ್ಪಲಿಲ್ಲ. "ಪೂಜೆ ಆಗ್ದಿರೋ ಗಾಡಿಗೆ ನಾನು ಕಾಲಿಡಲ್ಲ ಕಣ್ರೀ."

ಸರಿ, ದೇವಸ್ಥಾನದ ಮುಂದೆ ಡೆಮೊ ಕಾರಿಗೇ ಪೂಜೆ ಮಾಡಿಸಿದೆ. ಹೂವಿನ ಹಾರ ಬಿತ್ತು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಬಂತು. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು, "ಸ್ಟಾರ್ಟ್ ಮಾಡಿ," ಎಂದರು. ನಾನು ಗುಂಡಿ ಒತ್ತಿದೆ. ಕರೆಂಟಿನಲ್ಲಿದ್ದ ಕಾರು ಉಸಿರೂ ಬಿಡಲಿಲ್ಲ. ಅರ್ಚಕರು ಕಾದರು. ಕರ್ಪೂರ ಅರ್ಧ ಉರಿಯಿತು.

"ಸ್ಟಾರ್ಟ್ ಮಾಡೀಪ್ಪಾ."

"ಆಗಿದೆ ಸ್ವಾಮಿ."

"ನಿಮ್ಮ ಮಾತನ್ನ ನಾನು ನಂಬ್ತೀನಿ. ದೇವರಿಗೂ ಕೇಳಿಸ್ಬೇಕಲ್ಲ?"

ಕೊನೆಗೆ ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರನ್ನು ಸ್ಟಾರ್ಟ್ ಮಾಡಿಸಿದರು. ಅದು ಬೀದಿಯೇ ನಡುಗುವಂತೆ ಗುಡುಗಿತು. ಆ ಸದ್ದಿನಲ್ಲಿ ನನ್ನ ಕಾರಿಗೆ ಮಂಗಳಾರತಿ ಆಯಿತು, ನಿಂಬೆಹಣ್ಣು ಒಡೆಯಿತು. ಹುಣಸೆಹಣ್ಣಿನ ವ್ಯಾಪಾರಿ ಭಕ್ತಿಯಿಂದ ಕಣ್ಣು ಮುಚ್ಚಿ ತೆರೆದವರೇ ಟ್ರ್ಯಾಕ್ಟರಿನವನ ಹತ್ತಿರ ಹೋಗಿ ಕೇಳಿದರು: "ಇದು ಯಾವ ಮಾಡೆಲ್ಲು?"

ಏಣಿ

ಶಿರಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸಾಹೇಬರು ನನ್ನನ್ನು ಕೂರಿಸಿ ಚಹಾ ತರಿಸಿದರು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, "ಕರೆಂಟ್ ಗಾಡಿ ಬೇಕಾದೋರು ಕರೆಂಟಿಂದು ತಗೋತಾರೆ. ಪೆಟ್ರೋಲ್ ಬೇಕಾದೋರು ಪೆಟ್ರೋಲಿಂದು ತಗೋತಾರೆ. ಇದು ಯಾರಿಗೆ ಭಾಯ್?" ಎಂದರು.

"ಎರಡೂ ಬೇಕಾದವರಿಗೆ."

"ಅರೆ, ಇಷ್ಟು ದುಡ್ಡಿರೋರು ಎರಡು ಗಾಡಿನೇ ತಗೋತಾರಲ್ಲ!"

ಈ ಕಾರು ಯಾಕೆ ಹೋಗುತ್ತಿಲ್ಲ ಎಂದು ನಮ್ಮ ಹೆಡ್ ಆಫೀಸಿನವರು ಮೀಟಿಂಗಿನಲ್ಲಿ ಪರದೆಯ ಮೇಲೆ ಚಿತ್ರ ಬಿಟ್ಟು ಬೆಳಗಿನಿಂದ ಸಂಜೆವರೆಗೆ ಹುಡುಕಿದ್ದ ತೊಂದರೆ ಇದೇ. ಇವರು ಚಹಾ ಆರುವುದರೊಳಗೆ ಹೇಳಿ ಮುಗಿಸಿದ್ದರು. ನಾನು ಬೆರಗಾಗಿ ಕೂತಿದ್ದಾಗಲೇ ಅವರು ನನ್ನ ಮನೆಯ ಅಟ್ಟದ ಎತ್ತರ ವಿಚಾರಿಸಿದರು. ಹೇಗಾಯಿತೋ ತಿಳಿಯದು, ಕಾರು ಮಾರಲು ಹೋದವನು ಅಲ್ಯೂಮಿನಿಯಂ ಏಣಿಯೊಂದನ್ನು ಕೊಂಡು ಹೊರಗೆ ಬಂದೆ. ಅದನ್ನು ಕಾರಿನ ನೆತ್ತಿಗೆ ಅವರೇ ಹಗ್ಗ ಹಾಕಿ ಕಟ್ಟಿಸಿಕೊಟ್ಟರು.

ಊರು ದಾಟುವಾಗ ಒಬ್ಬರು ಓಡಿಬಂದು ಕೈ ಅಡ್ಡ ಹಾಕಿದರು. ಗಿರಾಕಿ ಸಿಕ್ಕಿದ ಎಂದು ಖುಷಿಯಿಂದ ಬ್ರೇಕ್ ಹಾಕಿದೆ. ಅವರು ಏಣಿಯನ್ನೂ, ಬಾಗಿಲ ಮೇಲೆ ನಾವು ಅಂಟಿಸಿದ್ದ ದೊಡ್ಡ ಪ್ಲಗ್ಗಿನ ಚಿತ್ರವನ್ನೂ ನೋಡಿ, "ಬಂದ್ರಲ್ಲ ಸಾರ್, ಪುಣ್ಯಾತ್ಮರು! ನಿನ್ನೆಯಿಂದ ನಮ್ ಬೀದಿಗೆ ಕರೆಂಟಿಲ್ಲ. ಕಂಬ ಆ ಕಡೆ ಐತೆ," ಎಂದರು.

ಕರೆಂಟಿನ ತವರು

ಪಾವಗಡದ ವಳ್ಳೂರಿನ ಮೇಲೆ ನನಗೆ ಬಹಳ ಆಸೆಯಿತ್ತು. ಕಣ್ಣು ಹಾಯಿಸಿದಷ್ಟೂ ಸೋಲಾರ್ ಹಲಗೆಗಳು. ಹೊಲಕ್ಕೆ ಹೊಲವೇ ಬಿಸಿಲು ಕುಡಿಯುತ್ತಾ ಮಲಗಿದೆ. ಇಲ್ಲಿ ಮಾರದಿದ್ದರೆ ಇನ್ನೆಲ್ಲಿ?

ಹೊಲವನ್ನು ಸೋಲಾರಿಗೆ ಗುತ್ತಿಗೆ ಕೊಟ್ಟಿದ್ದ ತಾತನೊಬ್ಬರ ಮನೆಗೆ ಬೇಕೆಂದೇ ಬ್ಯಾಟರಿ ಖಾಲಿ ಮಾಡಿಕೊಂಡು ಹೋದೆ. "ತಾತ, ನಿಮ್ಮ ಹೊಲದ ಕರೆಂಟಿನಲ್ಲೇ ಕಾರು ಓಡಿಸಿ ತೋರಿಸ್ತೀನಿ," ಎಂದು ಅವರ ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿದೆ. ಏನೂ ಆಗಲಿಲ್ಲ.

"ಲೈನ್ ರಿಪೇರಿ ನಾಯನಾ," ಎಂದರು ತಾತ. "ಸಾಯಂಕಾಲ ಬರ್ತೈತೆ."

"ಇಷ್ಟೊಂದು ಕರೆಂಟು ಇಲ್ಲೇ ಹುಟ್ಟುತ್ತಲ್ಲ ತಾತ!"

"ಹುಟ್ಟೋದು ಮಾತ್ರ ಇಲ್ಲಿ. ಸಂಸಾರ ಮಾಡೋದೆಲ್ಲಾ ಬೇರೆ ಊರಾಗೆ."

ನಾಚಿಕೊಂಡು ಪೆಟ್ರೋಲಿನಲ್ಲೇ ಕಾರು ಹೊರಡಿಸಿದೆ. ತಾತ ಹಿಂದಿನಿಂದ ಕೂಗಿದರು: "ಎಂಥಾ ಗಾಡಿನಪ್ಪಾ! ಕರೆಂಟಿನ ತವರಿಗೆ ಬಂದು ಪೆಟ್ರೋಲ್ ಕುಡ್ಕೊಂಡು ಹೋಗ್ತೈತೆ!"

ಮೈಲೇಜು

ಯುಗಾದಿ ಬಂದೇಬಿಟ್ಟಿತು ಅನ್ನುವಾಗ ಕೊರಟಗೆರೆಯ ಮದುವೆ ಛತ್ರದ ಯಜಮಾನಮ್ಮ ಫೋನ್ ಮಾಡಿದರು. "ಮದುಮಗ ಬಂದು ಇಳಿಯಕ್ಕೆ ಒಂದ್ ಒಳ್ಳೆ ಕಾರು ಬೇಕು ಕಣಪ್ಪ. ತಗೊಂಡ್ ಬಾ, ನೋಡ್ದಂಗೂ ಆಯ್ತದೆ." ಕೊಳ್ಳುವವರಲ್ಲ ಎಂದು ಗೊತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಿಂತ ಮದುವೆ ಊಟ ವಾಸಿ ಎಂದು ಹೋದೆ.

ಮದುಮಗ ಇಳಿದ, ಫೋಟೋ ತೆಗೆದರು. ಧಾರೆಗೆ ಇನ್ನೇನು ಹೊತ್ತಾಯಿತು ಅನ್ನುವಾಗ ಕರೆಂಟು ಹೋಯಿತು. ಛತ್ರದ ಜನರೇಟರ್ ಒಂದು ಬುಗ್ಗೆ ಕಪ್ಪು ಹೊಗೆ ಉಗುಳಿ ಸುಮ್ಮನಾಯಿತು. ಅಡುಗೆ ಭಟ್ಟರು ಹೊರಗೆ ಓಡಿಬಂದರು. "ಅಮ್ಮಾ, ವಡೆ ಹಿಟ್ಟು ಗ್ರೈಂಡರಲ್ಲಿ ಅರ್ಧಕ್ಕೇ ನಿಂತೈತೆ! ಮೊದಲ್ನೇ ಪಂಕ್ತಿಗೇ ಬೀಗರು!" ಯಜಮಾನಮ್ಮನ ಮುಖ ಬಿಳುಚಿಕೊಂಡಿತು. ವಡೆಯಿಲ್ಲದೆ ಬೀಗರನ್ನು ಕಳಿಸಿದ ಛತ್ರ ಎಂದು ಹೆಸರು ಬಂದರೆ ಮುಂದೆ ಆ ಬಾಗಿಲಿಗೆ ಯಾರು ಬರುತ್ತಾರೆ?

ಆಗ ನನಗೆ ಕಂಪನಿಯವರು ಕೊಟ್ಟ ಪುಸ್ತಕದ ಕೊನೆಯ ಪುಟ ನೆನಪಾಯಿತು. ಈ ಕಾರು ಕರೆಂಟು ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುತ್ತದೆ ಕೂಡ; ಬ್ಯಾಟರಿ ಮುಗಿದರೆ ಪೆಟ್ರೋಲಿನಿಂದ ತಾನೇ ಕರೆಂಟು ಮಾಡಿಕೊಳ್ಳುತ್ತದೆ. ನಾನೇ ನಂಬಿರಲಿಲ್ಲ. ಕಾರನ್ನು ಹಿಂದಕ್ಕೆ ತೆಗೆದು ಅಡುಗೆಮನೆ ಬಾಗಿಲಿಗೆ ನಿಲ್ಲಿಸಿ, ವೈರು ಎಳೆದು ಗ್ರೈಂಡರಿಗೆ ಸಿಕ್ಕಿಸಿದೆ.

ಗ್ರೈಂಡರ್ ತಿರುಗಿತು. ತರಕಾರಿ ಹೆಚ್ಚುತ್ತಿದ್ದ ಹೆಂಗಸರು ಈಳಿಗೆಮಣೆ ಬಿಟ್ಟು ಎದ್ದು ಬಂದು ನೋಡುತ್ತಾ ನಿಂತರು. ಭಟ್ಟರು ಕಾರಿನ ಬಾನೆಟ್ಟಿಗೆ ಕೈಮುಗಿದರು. ಧಾರೆ ಮುಗಿಸಿ ಬಂದ ಪುರೋಹಿತರು, "ಜನರೇಟರಿನ ಗದ್ದಲ ಇಲ್ದೆ ನನ್ನ ಮಂತ್ರ ನನಗೇ ಕೇಳಿಸಿದ್ದು ಇವತ್ತೇ," ಎಂದರು. ಸದ್ದಿಲ್ಲವೆಂದು ಮಧುಗಿರಿಯಲ್ಲಿ ಸೋತ ಕಾರು ಸದ್ದಿಲ್ಲವೆಂದೇ ಇಲ್ಲಿ ಗೆದ್ದಿತ್ತು. ಬಿಸಿ ವಡೆ ಎಲೆಗೆ ಬಿದ್ದಾಗ ನನ್ನ ಕಣ್ಣು ತುಂಬಿತು. ಕೈ ತೊಳೆಯುವ ಮೊದಲೇ ಯಜಮಾನಮ್ಮ ಬುಕಿಂಗ್ ಮಾಡಿದರು.

ಆಮೇಲೆ, ಇಂಥ ಕಾರನ್ನು ಕೊಳ್ಳುವ ಗಿರಾಕಿ ಎಂಥವರಿರಬಹುದು ಎಂದು ನೋಡಲು ಹೆಡ್ ಆಫೀಸಿನ ದೊಡ್ಡವರೊಬ್ಬರು ಕೊರಟಗೆರೆಗೇ ಬಂದರು. ಕಾರು ಅಡುಗೆಮನೆ ಹಿಂದೆ ಶೀಟಿನ ನೆರಳಲ್ಲಿ ನಿಂತಿತ್ತು; ಮುಂದೆ ಮಾವಿನ ತೋರಣ, ಹಿಂದೆ ಉದ್ದಿನ ಹಿಟ್ಟಿನ ಕಲೆ. ಚಕ್ರದ ಪಕ್ಕ ಹುಲ್ಲು ಬೆಳೆದಿತ್ತು. ದೊಡ್ಡವರು ಗಂಟಲು ಸರಿಮಾಡಿಕೊಂಡು, "ಮೇಡಂ, ಮೈಲೇಜ್ ಹೇಗೆ ಕೊಡ್ತಾ ಇದೆ?" ಎಂದು ಕೇಳಿದರು.

ಯಜಮಾನಮ್ಮ ಹೆಮ್ಮೆಯಿಂದ ಕಾರಿನ ಬೆನ್ನು ತಟ್ಟಿದರು.

"ಏನೂ ಮೋಸ ಇಲ್ಲ ಕಣಪ್ಪ. ಫುಲ್ ಟ್ಯಾಂಕ್ ಹಾಕ್ಸುದ್ರೆ ಎರಡು ಮದುವೆ, ಒಂದು ನಾಮಕರಣ ಕೊಡ್ತೈತೆ."