ತಗಡಿನ ಮೇಸ್ತ್ರಿಯ ಕಿವುಡು ನಾಟಕ

ಬೆಳಿಗ್ಗೆ ಕಾರ್ಖಾನೆಯ ಬೋರ್ಡಿಗೆ ಅಂಟಿಸಿದ್ದ ಒಂದು ಚೀಟಿ ತಗಡಿನ ಮೇಸ್ತ್ರಿಯ ತಲೆ ಕೆಡಿಸಿತು. ಇವತ್ತು ಎಲ್ಲರಿಗೂ ಕಿವಿ ಪರೀಕ್ಷೆ. ಕಿವಿ ಮಂದವಾದವರನ್ನು ಸದ್ದಿಲ್ಲದ ಉಗ್ರಾಣಕ್ಕೆ ಹಾಕಲಾಗುವುದು. ಉಗ್ರಾಣವೆಂದರೆ ಕುರ್ಚಿ, ಫ್ಯಾನು, ಕಿಟಕಿ. ಹದಿನೆಂಟು ವರ್ಷ ಯಂತ್ರದ ಮುಂದೆ ನಿಂತೇ ತಗಡು ಒತ್ತಿದವನಿಗೆ ಇನ್ನೇನು ಬೇಕು?

"ನನ್ನ ಕಿವಿ ಭಾರೀ ಚುರುಕು ಕಣಯ್ಯಾ, ನನಗೆಲ್ಲಿ ಬರುತ್ತೆ ಆ ಭಾಗ್ಯ?" ಎಂದು ಕೊರಗಿದ.

"ನಾಟಕ ಆಡಣ್ಣ," ಎಂದ ಕೇಳದಿದ್ದರೂ ಬುದ್ಧಿ ಹೇಳುವ ವೆಲ್ಡರ್. "ಸದ್ದು ಕೇಳಿದಾಗ ಒತ್ತೋಕೆ ಕೈಗೊಂದು ಗುಂಡಿ ಕೊಡ್ತಾರೆ. ದೊಡ್ಡ ಸದ್ದಿಗೆ ಮಾತ್ರ ಒತ್ತು. ಸಣ್ಣ ಸದ್ದು ಬಂದ್ರೆ ಕಲ್ಲಿನ ಹಾಗೆ ಕೂತಿರು."

ತಾಲೀಮು ಶುರುವಾಯಿತು. ಬೆನ್ನ ಹಿಂದೆ ಸ್ಪ್ಯಾನರ್ ಬೀಳಿಸಿದರು. ಮೇಸ್ತ್ರಿ ಮೂರಡಿ ಹಾರಿದ. "ನಿಮ್ಮ ಮೀಸೆ ಹಳೇ ಬ್ರಷ್ಷಿನ ಹಾಗಿದೆ" ಎಂದ ಫಿಟ್ಟರ್. ಮೇಸ್ತ್ರಿ ಚಪ್ಪಲಿಗೆ ಕೈ ಹಾಕಿದ. ಗಲಾಟೆಗೆ ಮ್ಯಾನೇಜರ್ ಬಂದು "ಏನ್ರೀ ಇದು?" ಎಂದು ಗದರಿದಾಗ ಮಾತ್ರ, ಪಾತ್ರದೊಳಗೆ ಇಳಿದುಬಿಟ್ಟಿದ್ದ ಮೇಸ್ತ್ರಿ ಅವರ ಮುಖಕ್ಕೇ ಆಕಳಿಸಿದ. ಕೈಗೆ ಮೆಮೊ ಬಂತು. ಹೋಗಲಿ, ಉಗ್ರಾಣ ಸಿಕ್ಕರೆ ಸಾಕು!

ಪರೀಕ್ಷೆಯ ಗೂಡಿನಲ್ಲಿ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, ಡಾಕ್ಟರಮ್ಮ ಗಾಜಿನಾಚೆ ಕೂತರು. ದೊಡ್ಡ ಸದ್ದು ಬಂದಾಗಲೆಲ್ಲ ಮೇಸ್ತ್ರಿ ಒತ್ತಿದ. ಸಣ್ಣದಕ್ಕೆ ಒತ್ತಬಾರದೆಂದು ಹಲ್ಲು ಕಚ್ಚಿ ಕಾದ. ಅದು ಬರಲೇ ಇಲ್ಲ. ಡಾಕ್ಟರಮ್ಮ ಬಲು ಒಳ್ಳೆಯವರು ಎಂದುಕೊಂಡ.

ಕೇಳಿದ ಸದ್ದುಗಳನ್ನೆಲ್ಲ ಒಂದು ಗೆರೆಯಾಗಿ ತೋರಿಸುವ ನಕ್ಷೆ ನೋಡಿದ ಡಾಕ್ಟರಮ್ಮ ಬೆಚ್ಚಿಬಿದ್ದರು. "ಏನ್ರೀ ಇದು! ಕಿವಿಯೊಳಗೆ ಸಣ್ಣ ಸಣ್ಣ ರೋಮಗಳಿರ್ತವೆ. ಅವು ಅಲ್ಲಾಡಿದ್ರೇ ನಮಗೆ ಕೇಳಿಸೋದು. ನಿಮ್ಮ ಯಂತ್ರದ ಸದ್ದು ಅವನ್ನ ತುಳಿದು ಹಾಕಿದೆ. ಬೋಳುತಲೇಲಾದ್ರೂ ಕೂದಲು ಹುಟ್ಟೀತು, ಅವು ಮತ್ತೆ ಹುಟ್ಟಲ್ಲ. ಮಾತು ಕೇಳಿಸ್ತಾನೇ ಇರುತ್ತೆ, ಸಣ್ಣ ಸದ್ದು ಹೋಗಿರುತ್ತೆ. ಇಯರ್‌ಪ್ಲಗ್ ಕೊಟ್ಟಿರ್ಲಿಲ್ವಾ?"

"ಕೊಟ್ಟಿದ್ರು. ಮಗಳು ಗೊಂಬೆಗೆ ಟೋಪಿ ಮಾಡ್ಕೊಂಡ್ಳು," ಎಂದ ಮೇಸ್ತ್ರಿ, ಒಳಗೊಳಗೇ ಕುಣಿಯುತ್ತಾ. "ಹಾಗಾದ್ರೆ ಉಗ್ರಾಣಕ್ಕೆ..."

"ಎಲ್ಲಿ ಉಗ್ರಾಣ? ಅದು ಸ್ವಲ್ಪ ಮಂದ ಆದವರಿಗೆ. ಅಲ್ಲಿ ಹಿಂದಕ್ಕೆ ಬರೋ ಗಾಡಿ ಪೀಪೀ ಅನ್ನೋದೂ ನಿಮಗೆ ಕೇಳ್ಸಲ್ಲ. ಯಂತ್ರದ ಹತ್ರ ಬಿಟ್ರೆ ಇರೋ ಕಿವೀನೂ ಹೋಗುತ್ತೆ. ಎಲ್ಲಿಗೆ ಹಾಕೋದು ನಿಮ್ಮನ್ನ?"

ಕೆಲಸಕ್ಕೇ ಸಂಚಕಾರ! ಮೇಸ್ತ್ರಿ ಕೈ ಮುಗಿದು ಎಲ್ಲ ಒಪ್ಪಿಕೊಂಡ. "ನಾಟಕ ಆಡಿದ್ದು ಡಾಕ್ಟ್ರಮ್ಮಾ, ತಪ್ಪಾಯ್ತು. ಇನ್ನೊಂದ್ಸಲ ನೋಡಿ, ಸೂಜಿ ಬಿದ್ರೂ ಒತ್ತುತೀನಿ."

ಮತ್ತೆ ಗೂಡಿನಲ್ಲಿ ಕೂತ. ಈ ಸಲ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಕೇಳಿದ್ದಕ್ಕೆಲ್ಲ ಪ್ರಾಮಾಣಿಕವಾಗಿ ಒತ್ತಿದ. ಆಮೇಲೆ ಕಾದ. ಇನ್ನೂ ಕಾದ. ಕೊನೆಗೆ ಕೂಗಿದ: "ಸಣ್ಣ ಸದ್ದು ಶುರು ಮಾಡಿ ಡಾಕ್ಟ್ರಮ್ಮಾ, ಕಾಯ್ತಾ ಇದ್ದೀನಿ!"

ಗಾಜಿನಾಚೆ ಡಾಕ್ಟರಮ್ಮ ಆಗಲೇ ಸಣ್ಣ ಸದ್ದನ್ನೂ ಕೇಳಿಸಿ ಮುಗಿಸಿ, ಯಂತ್ರ ಆರಿಸಿ, ಎರಡೂ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಿದ್ದರು. ಕಾಣುತ್ತಿದ್ದದ್ದು ಒಂದೇ ಗೆರೆ.