ದೋಸೆಯಲ್ಲಿ ಅಳೆದ ಎಸ್‌ಎಸ್‌ಡಿ

ಇಡೀ ಕಲ್ಕತ್ತಾದಲ್ಲಿ ಮನೆಯ ಕಂಪ್ಯೂಟರಿಗೆ ಮೊಟ್ಟಮೊದಲು ಎಸ್‌ಎಸ್‌ಡಿ ಅನ್ನೋ ಹೊಸ ಚುರುಕು ಡಿಸ್ಕು ಹಾಕಿಸಿದವನು ನಾನು. ಸುಳ್ಳು. ನಮ್ಮ ಕಟ್ಟಡದಲ್ಲೇ ನಾನು ಕೊನೆಯವನು. ಅದನ್ನೂ ಹಾಕಿಸಿದವಳು ಹೆಂಡತಿ, ತಡೆಯೋಕೆ ನೋಡಿದವನು ನಾನು. ಯಂತ್ರ ಚುರುಕಾದರೆ ಯಾರಿಗೇನು ನಷ್ಟ ಅಂತೀರಾ? ನನಗೆ ನಷ್ಟ. ಇಂಥವೆಲ್ಲ ಹುಡುಕಿಕೊಂಡು ನನ್ನ ಮನೆಗೇ ಬರುತ್ತವೆ.

೧. ನಂಬಿಕಸ್ಥ ಡಿಸ್ಕು

ನನಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ದಿನಕ್ಕೆ ಒಂದೇ ಚಹಾ, ಅದೂ ಸಪ್ಪೆ. ಹೆಂಡತಿ ಸಂಜೆ ಆರಕ್ಕೆ ಇಲ್ಲಿನ ಕನ್ನಡದ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತಾಳೆ. ಆರಕ್ಕೆ ಐದು ನಿಮಿಷ ಇದೆ ಅನ್ನುವಾಗ ಅಡುಗೆಮನೆಯಿಂದ ಕೂಗು: "ರೀ, ಕಂಪ್ಯೂಟರ್ ಹಾಕಿ!"

ನಮ್ಮ ಹಳೆಯ ಹಾರ್ಡ್ ಡಿಸ್ಕು ಗರಗರ ಅಂತ ಎದ್ದು, ಮೈಮುರಿದು, ಆಕಳಿಸಿ, ಕಣ್ಣು ಬಿಡುವಷ್ಟರಲ್ಲಿ ನಾನು ಮೂರು ಮಹಡಿ ಇಳಿದು, ಗಲ್ಲಿ ತುದಿಯ ಅಂಗಡಿಯಲ್ಲಿ ಭಾಂಡ ಅನ್ನುವ ಮಣ್ಣಿನ ಲೋಟದ ತುಂಬ ಸಿಹಿ ಚಹಾ ಕುಡಿದು, ಇಲ್ಲಿಯವರು ಸಿಂಗಾರ ಅನ್ನುವ ಸಮೋಸಾ ಒಂದನ್ನು ಮುಗಿಸಿ, ಬಾಯಿ ಒರೆಸಿಕೊಂಡು ವಾಪಸ್ ಬಂದಿರುತ್ತಿದ್ದೆ.

"ಇನ್ನೂ ಆಗಿಲ್ವೇನ್ರೀ?"

"ಅದರ ಮುಂದೇನೇ ಕೂತಿದೀನಿ ಕಣೇ, ಏನ್ ಮಾಡ್ಲಿ?"

ಅಲಿಪುರದ ನಮ್ಮ ಆಫೀಸಿನಲ್ಲಿ ಇಷ್ಟು ವರ್ಷ ಸರ್ವಿಸ್ ಮಾಡಿದ್ದೇನೆ. ಆ ಡಿಸ್ಕಿನಷ್ಟು ಸಹಕಾರ ಕೊಟ್ಟ ಸಹೋದ್ಯೋಗಿ ಒಬ್ಬನೂ ಇಲ್ಲ.

೨. ಭಟ್ಟರ ಅಳತೆ

ಮೇಲಿನ ಮಹಡಿಯ ಭಟ್ಟರು ಉಡುಪಿ ಕಡೆಯವರು. ಗರಿಯಾಹಾಟ್ ಹತ್ತಿರ ಹೋಟೆಲು. ಜಗತ್ತನ್ನೆಲ್ಲ ದೋಸೆಯಲ್ಲೇ ಅಳೆಯುತ್ತಾರೆ. ಸಿಯಾಲ್ದಾ ಸ್ಟೇಷನ್ನಿಗೆ ಎಷ್ಟು ಹೊತ್ತು ಬೇಕು ಅಂತ ಕೇಳಿ, "ಟ್ರಾಫಿಕ್ ಇಲ್ಲದಿದ್ರೆ ಇಪ್ಪತ್ತು ದೋಸೆ" ಅಂತಾರೆ.

ಒಂದು ದಿನ ಮೆಟ್ಟಿಲ ಮೇಲೆ ನಿಂತು ನನ್ನ ಸಂಸಾರಕ್ಕೆ ಬೆಂಕಿ ಇಟ್ಟರು. "ನಮ್ಮ ಎಸ್‌ಎಸ್‌ಡಿ ಚೂಯಿಂಗ್ ಗಮ್ ಪಟ್ಟಿಯಷ್ಟೇ ಉಂಟು ಅಕ್ಕ. ಹಿಟ್ಟು ಕಾವಲಿಗೆ ಬಿದ್ದು ಚುಂಯ್ ಅನ್ನುವಷ್ಟರಲ್ಲಿ ಕಂಪ್ಯೂಟರ್ ರೆಡಿ. ನಿಮ್ಮದು?"

"ನಮ್ಮದಕ್ಕೆ ಅಕ್ಕಿ ನೆನೆಹಾಕೋದರಿಂದ ಶುರು ಮಾಡ್ಬೇಕು" ಅಂದಳು ಹೆಂಡತಿ.

ಮಾರನೆಯ ದಿನವೇ ಕಂಪ್ಯೂಟರ್ ಅಂಗಡಿಯವನು ಹಾಜರ್. ನಮ್ಮ ಹಳೆಯ ಬೋರ್ಡಿಗೆ ಆ ಪಟ್ಟಿ ಕೂರುವುದಿಲ್ಲ, ಚಪ್ಪಟೆ ಡಬ್ಬಿಯ ಎಸ್‌ಎಸ್‌ಡಿಯೇ ಆಗಬೇಕು. ದೊಡ್ಡ ದೊಡ್ಡ ಫೈಲು ಸಾಗಿಸುವಾಗ ಪಟ್ಟಿ ಮುಂದೆ, ಆದರೆ ಸುಮ್ಮನೆ ಆನ್ ಮಾಡಿ ಕೂರುವುದಕ್ಕೆ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ ಅಂತ ಹಿಂದಿಯಲ್ಲಿ ಬಿಡಿಸಿ ಹೇಳಿದ. ಇವಳೂ ಹಿಂದಿಯಲ್ಲೇ ಕೇಳಿದಳು: "ಅದೆಲ್ಲ ಬೇಡ. ದೋಸೆಯಲ್ಲಿ ಎಷ್ಟಾಗುತ್ತೆ?"

ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ಟ್ರಾಮ್ ನೋಡಿದೆ. ನಮ್ಮ ಗಲ್ಲಿಯಲ್ಲಿ ಟ್ರಾಮ್ ಇಲ್ಲ.

೩. ತಿರುಗುವ ಚಕ್ರ

ಹೊಸದು ಕೂತ ಮೊದಲ ಸಂಜೆ ಸ್ವಿಚ್ ಒತ್ತಿ ಚಪ್ಪಲಿ ಹುಡುಕಿದೆ. ಎಡಗಾಲಿನದು ಸಿಗುವ ಮೊದಲೇ ಪರದೆ ಬೆಳಗಿ ನಿಂತಿತ್ತು. ಹೆಂಡತಿ ಬಂದು ಕೂತಳು. ಚಹಾ ಹೋಯಿತು.

ನಾಲ್ಕು ದಿನ ಸಹಿಸಿದೆ. ಐದನೆಯ ದಿನ, ಕಂಪ್ಯೂಟರ್ ಎದ್ದ ಕೂಡಲೇ ಪರದೆ ತುಂಬ ಒಂದು ಚಿತ್ರ ಬರುವ ಹಾಗೆ ಮಾಡಿದೆ. ನೀಲಿ ಬಣ್ಣ, ತಿರುಗುವ ಚಕ್ರ, ಕೆಳಗೆ "ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಮುಟ್ಟಬೇಡಿ." ನಂದೇ ಕೈಕೆಲಸ. ಆ "ದಯವಿಟ್ಟು" ಇದೆಯಲ್ಲ, ಅದನ್ನು ನೋಡಿದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಸ್ವಿಚ್ ಒತ್ತುವುದು, ಚಕ್ರ ನೋಡಿ ಹಲ್ಲು ಕಿರಿಯುವುದು, "ನಡಿ ರಾಜಾ, ಚಹಾಕ್ಕೆ" ಅಂತ ನನಗೆ ನಾನೇ ಹೇಳಿಕೊಂಡು ಹೊರಡುವುದು. ಬಂದು ಚಿತ್ರ ತೆಗೆದರೆ ಅದರ ಹಿಂದೆ ಕ್ಲಾಸು ಆಗಲೇ ತೆರೆದು ಸಿದ್ಧವಾಗಿರುತ್ತಿತ್ತು. ಎಸ್‌ಎಸ್‌ಡಿ ಅಂದರೆ ಚುರುಕಪ್ಪಾ ಅಂತ ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಹೆಂಡತಿ ಮಾತ್ರ ಮೇಲಿನ ಮಹಡಿ ಹತ್ತಿದಳು. "ನಿಮ್ಮ ಮಾತು ಕೇಳಿ ಕೆಟ್ಟೆ ಭಟ್ರೇ. ಇದಕ್ಕಿಂತ ಹಳೇದೇ ವಾಸಿ."

"ಎಂತ ಮಾತು ಮಾರಾಯ್ತಿ! ನಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ."

"ನಮ್ಮದು ಸೋತ್ರೆ ಹಳೇ ಡಿಸ್ಕನ್ನೇ ವಾಪಸ್ ಹಾಕಿಸ್ತೀನಿ" ಅಂದಳು. ಆ ರಾತ್ರಿ ನನಗೆ ಬಂದಂಥ ನಿದ್ದೆ ಮದುವೆಯಾದ ಮೇಲೆ ಬಂದಿರಲಿಲ್ಲ.

೪. ಪಂದ್ಯ

ಮರುದಿನ ಆರಕ್ಕೆ ಭಟ್ಟರು ತಮ್ಮ ಕಂಪ್ಯೂಟರ್ ಹೊತ್ತು ಇಳಿದರು. ಜೊತೆಗೆ ಹಿಟ್ಟಿನ ಪಾತ್ರೆ. ನಡುಮನೆಯಲ್ಲೇ ಕರೆಂಟ್ ಒಲೆ, ಅದರ ಮೇಲೆ ಕಾವಲಿ. ಮೇಜಿನ ಮೇಲೆ ಜಾಗ ಮಾಡುವಾಗ ನಮ್ಮ ಕಂಪ್ಯೂಟರಿನ ಹೆಡ್‌ಫೋನ್ ವಯರು ಕಿತ್ತು ಬಂತು. ಆಗ ಯಾರೂ ಗಮನಿಸಲಿಲ್ಲ.

ಎರಡೂ ಸ್ವಿಚ್ ಒಟ್ಟಿಗೆ ಒತ್ತಿದೆವು. ಭಟ್ಟರು ಹಿಟ್ಟು ಹೊಯ್ದರು. ಚುಂಯ್. ಅವರದು ರೆಡಿ. ನಮ್ಮದರಲ್ಲಿ ಚಕ್ರ.

ಒಂದು ದೋಸೆ ಆಯಿತು. ಎರಡಾಯಿತು. ಸುಮ್ಮನೆ ಹಾಳಾಗಬಾರದಲ್ಲ, ಒಂದೊಂದನ್ನೂ ನಾನೇ ತಿಂದೆ. ಐದನೆಯದಕ್ಕೆ ಹೆಂಡತಿ ತಲೆಯ ಮೇಲೆ ಕೈ ಹೊತ್ತು ಕೂತಳು. ನಾನು ಬಾಯ್ತುಂಬ ದೋಸೆ ಇಟ್ಟುಕೊಂಡು, "ಹಳೇದು ಹಳೇದೇ ಬಿಡೇ" ಅಂದೆ.

ಆಗ, ಹೆಡ್‌ಫೋನ್ ಕಿತ್ತಿದ್ದರಿಂದ, ನೀಲಿ ಚಿತ್ರದ ಹಿಂದಿನಿಂದ ಒಂದು ಮಗುವಿನ ದನಿ ಎಲ್ಲರಿಗೂ ಕೇಳಿತು. ಅಂಗಡಿಯವನು ಎಸ್‌ಎಸ್‌ಡಿ ಹಾಕಿದ ದಿನವೇ, ಕಂಪ್ಯೂಟರ್ ಎದ್ದೊಡನೆ ಕ್ಲಾಸು ತಾನಾಗಿ ತೆರೆಯುವ ಹಾಗೆ ಮಾಡಿ ಹೋಗಿದ್ದನಂತೆ. ಕ್ಯಾಮೆರಾ, ಮೈಕು ಎಲ್ಲ ಸಮೇತ. ನನಗೆ ಯಾರು ಹೇಳಿದರು? ದಿನಾ ಕಾಲು ಗಂಟೆ ಪುಕ್ಕಟೆ ರಜೆ ಸಿಕ್ಕಿದ್ದಕ್ಕೆ ಮಕ್ಕಳೂ ಬಾಯಿ ಬಿಟ್ಟಿರಲಿಲ್ಲ. ಅವರಲ್ಲಿ ಒಬ್ಬಳು, ಎರಡು ವರ್ಷದಿಂದ ಅರ್ಧ ಹಿಂದಿ, ಅರ್ಧ ಬಂಗಾಳಿ ಬೆರೆಸದೆ ಒಂದು ಮಾತೂ ಆಡದ ಹುಡುಗಿ, ನಿಧಾನವಾಗಿ, ಸ್ಪಷ್ಟವಾಗಿ ಕೇಳಿದಳು:

"ಮಿಸ್, ಅಂಕಲ್ ದಿನಾ ನಮ್ಮನ್ನು ನೋಡಿ ನಕ್ಕು, ಚಹಾ ಕುಡಿಯಲು ಹೋಗುತ್ತಾರೆ. ಇವತ್ತು ಯಾಕೆ ದೋಸೆ ತಿನ್ನುತ್ತಿದ್ದಾರೆ?"

ಹೆಂಡತಿ ಚಪ್ಪಾಳೆ ತಟ್ಟಿದಳು. "ಶಭಾಷ್ ಪುಟ್ಟೀ! ಒಂದೂ ತಪ್ಪಿಲ್ಲ!"

ಆಮೇಲೆ ಆ ವಾಕ್ಯದ ಅರ್ಥ ಆಯಿತು. ಮೆಲ್ಲಗೆ ನನ್ನ ಕಡೆ ತಿರುಗಿದಳು. ಭಟ್ಟರು ಆರನೆಯ ದೋಸೆಯನ್ನು ನನ್ನ ತಟ್ಟೆಯವರೆಗೆ ತಂದು, ಅವಳ ಮುಖ ನೋಡಿ, ಹಾಗೇ ವಾಪಸ್ ಕಾವಲಿಗೆ ಹಾಕಿದರು.

ಈಗ ಕ್ಲಾಸು ಆರಕ್ಕೆ ಸರಿಯಾಗಿ ಶುರು. ನಾನು ಮೊಸರು ತರ್ತೀನಿ ಅಂತ ಹೇಳಿ ಈ ಚಹಾದಂಗಡಿಗೆ ಬಂದವನು. ಫೋನಿನಿಂದ ದುಡ್ಡು ಕೊಟ್ಟರೆ ಅವಳಿಗೆ ಮೆಸೇಜ್ ಹೋಗುತ್ತೆ, ಅಂಗಡಿ ಹೆಸರು ಸಮೇತ. ಎಸ್‌ಎಸ್‌ಡಿಗಿಂತ ಚುರುಕು ಅದು. ಎರಡು ಭಾಂಡ ಚಹಾ, ಒಂದು ಸಿಂಗಾರ. ದುಡ್ಡು ನೀವೇ ಕೊಟ್ಟುಬಿಡಿ ಸ್ವಾಮಿ, ಬೇಗ.